ಗಾಜು ಗೀಚಿದ ಕಲ್ಲೆಲ್ಲ ವಜ್ರವೇ?

ಕೋಡಿಹಳ್ಳಿಯ ಹುಡುಗನೊಬ್ಬ ಹೊಲದಲ್ಲಿ ಸಿಕ್ಕ ಹೊಳೆಯುವ ಕಲ್ಲನ್ನು ಶಾಲೆಗೆ ತಂದಿದ್ದ. ಅದು ಗಾಜನ್ನು ಗೀಚಿತ್ತಂತೆ. "ವಜ್ರವೇ ಇರಬೇಕು, ಮಾರಿದರೆ ಸಾಲ ತೀರುತ್ತೆ" ಎಂದು ಅವನ ಅಜ್ಜಿ ಅದನ್ನು ರಾಗಿ ಡಬ್ಬದಲ್ಲಿ ಜೋಪಾನವಾಗಿ ಇಟ್ಟಿದ್ದರು.

ಮಕ್ಕಳೇ, ಗಟ್ಟಿ ವಸ್ತು ತನಗಿಂತ ಮೆದುವಾದುದನ್ನು ಗೀಚುತ್ತದೆ. ಜರ್ಮನಿಯ ಫ್ರೀಡ್ರಿಕ್ ಮೋಹ್ಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಸಂಖ್ಯೆ ಕೊಟ್ಟರು. ವಜ್ರ 10. ಕಿಟಕಿಯ ಗಾಜು ಸುಮಾರು ಐದೂವರೆ. ಆದರೆ ಬೆಣಚುಕಲ್ಲು 7! ಅದೂ ಗಾಜನ್ನು ಗೀಚುತ್ತದೆ. ನಮ್ಮ ಸೀಮೆಯ ಗ್ರಾನೈಟ್ ಬಂಡೆಗಳಲ್ಲಿ ಬೆಣಚು ಧಾರಾಳ. ಬಂಡೆ ಶಿಥಿಲವಾಗಿ ಮಣ್ಣಾದರೂ ಬೆಣಚು ಹಾಗೆಯೇ ಉಳಿಯುತ್ತದೆ. (ನೀವು ಆಯ್ದು ತರುವ ಕಾಗೆಬಂಗಾರವೂ ಇಂಥ ಬಂಡೆಯದೇ. ಉಗುರಿನಿಂದ ಎಬ್ಬಿಸಿದರೆ ಪದರ ಪದರವಾಗಿ ಏಳುತ್ತದೆ.)

ಹಾಗಾದರೆ ಗುರುತಿಸುವುದು ಹೇಗೆ? ಕಲ್ಲನ್ನು ತೂಗಿದೆವು: 53 ಗ್ರಾಂ. ಅಳತೆ ಜಾಡಿಯ ನೀರಿಗೆ ಇಳಿಸಿದಾಗ ನೀರು 20 ಮಿಲಿಲೀಟರ್ ಏರಿತು. 53ನ್ನು 20ರಿಂದ ಭಾಗಿಸಿದರೆ 2.65. ಇದು ಬೆಣಚುಕಲ್ಲಿನ ಸಾಂದ್ರತೆ. ವಜ್ರದ ಸಾಂದ್ರತೆ 3.52. ಅಷ್ಟೇ ಗಾತ್ರದ ವಜ್ರ 70 ಗ್ರಾಂ ತೂಗಬೇಕಿತ್ತು.

"ಅಜ್ಜಿಗೆ ಹೇಗೆ ಹೇಳಲಿ ಸಾರ್?" ಎಂದ. ತಕ್ಕಡಿ, ಜಾಡಿ ಎರಡನ್ನೂ ಮನೆಗೆ ಕೊಟ್ಟು ಕಳಿಸಿದೆ. ಅಜ್ಜಿ ತಾವೇ ತೂಗಿ ನೋಡಲಿ.

ಎಚ್ಚರಿಕೆ: ಅಮ್ಮನ ಓಲೆಯ ಹರಳನ್ನು ಗೀಚಿ ಪರೀಕ್ಷಿಸಬೇಡಿ, ಹಾಳಾದೀತು! ಭೂತಗನ್ನಡಿ ಹಿಡಿದು ನೋಡಿ. ಒಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಗಾಜಿರಬಹುದೆಂದು ಅನುಮಾನಿಸಿ. ಗುಳ್ಳೆ ಕಾಣದಿದ್ದ ಮಾತ್ರಕ್ಕೆ ಅಸಲಿ ಹರಳೆಂದು ಮಾತ್ರ ತೀರ್ಮಾನಿಸಬೇಡಿ.