ಸಂವಹನ ವಾಹಿನಿಯ ಪೈಪೋಟಿ ಪರಿಹಾರ

ಸಂವಹನ ವಾಹಿನಿಯ ಪೈಪೋಟಿ ಪರಿಹಾರ ಎಂದರೆ ಒಂದೇ ವಾಹಿನಿಯನ್ನು ಹಲವು ಪ್ರೇಷಕಗಳು ಹಂಚಿಕೊಂಡಾಗ ಅವುಗಳ ಸಂದೇಶಗಳು ಪರಸ್ಪರ ಕೆಡದಂತೆ, ಕೆಟ್ಟರೂ ಮತ್ತೆ ತಲುಪುವಂತೆ ನೋಡಿಕೊಳ್ಳುವ ವಿಧಾನ. ಎರಡು ಸಂದೇಶಗಳು ಏಕಕಾಲದಲ್ಲಿ ಒಂದೇ ಆವರ್ತನದಲ್ಲಿ ಹೊರಟರೆ ಸಾಮಾನ್ಯವಾಗಿ ಎರಡೂ ಹಾಳಾಗುತ್ತವೆ. ಇದನ್ನು ಘರ್ಷಣೆ ಎನ್ನುತ್ತಾರೆ.

ವಿಧಾನಗಳು

ಪ್ರತಿ ಪ್ರೇಷಕಕ್ಕೂ ಸಮಯವನ್ನು ಮೊದಲೇ ಗೊತ್ತುಪಡಿಸಿದರೆ ಘರ್ಷಣೆ ಉಂಟಾಗುವುದಿಲ್ಲ. ಆದರೆ ಸಂದೇಶಗಳು ವಿರಳವಾಗಿದ್ದರೆ ವಾಹಿನಿಯ ಬಹುಪಾಲು ಸಮಯ ವ್ಯರ್ಥವಾಗುತ್ತದೆ. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಅವರ ತಂಡವು ರೂಪಿಸಿ 1971ರಲ್ಲಿ ಬಳಕೆಗೆ ತಂದ ಅಲೋಹಾ ಜಾಲದಲ್ಲಿ ಪ್ರತಿ ಪ್ರೇಷಕವೂ ತನಗೆ ಬೇಕಾದಾಗ ಸಂದೇಶ ಕಳುಹಿಸುತ್ತಿತ್ತು. ಸ್ವೀಕೃತಿ ಬಾರದಿದ್ದರೆ ಯಾದೃಚ್ಛಿಕ ಅವಧಿಯವರೆಗೆ ಕಾದು ಮತ್ತೆ ಕಳುಹಿಸುತ್ತಿತ್ತು. ಈ ಕ್ರಮದಲ್ಲಿ ವಾಹಿನಿಯ ಗರಿಷ್ಠ ಬಳಕೆ ಸುಮಾರು ಶೇ. 18.4 ಮಾತ್ರ, ಸಮಯವನ್ನು ಸಮಾನ ತುಂಡುಗಳಾಗಿ ವಿಂಗಡಿಸಿ, ತುಂಡಿನ ಆರಂಭದಲ್ಲಷ್ಟೇ ಕಳುಹಿಸಿದರೆ ಅದು ಶೇ. 36.8ಕ್ಕೆ ಏರುತ್ತದೆ.

ಹಂಚಿಕೆಯ ಕೇಬಲ್ ಬಳಸುವ ಈಥರ್ನೆಟ್‌ನಲ್ಲಿ ಪ್ರೇಷಕವು ವಾಹಿನಿ ಖಾಲಿಯಿದೆಯೇ ಎಂದು ಮೊದಲು ಆಲಿಸುತ್ತದೆ. ಘರ್ಷಣೆಯಾದಂತೆಲ್ಲ ಕಾಯುವ ಅವಧಿಯ ವ್ಯಾಪ್ತಿ ಒಂದು ಮಿತಿಯವರೆಗೆ ಇಮ್ಮಡಿಯಾಗುತ್ತದೆ. 16 ಪ್ರಯತ್ನಗಳು ವಿಫಲವಾದರೆ ಆ ಸಂದೇಶವನ್ನು ಕೈಬಿಡಲಾಗುತ್ತದೆ. ಹೀಗೆ ಕಾಯುವಿಕೆಯನ್ನು ಹೆಚ್ಚಿಸದಿದ್ದರೆ ದಟ್ಟಣೆಯ ವೇಳೆ ಮರುಪ್ರಯತ್ನಗಳೇ ಹೊಸ ಘರ್ಷಣೆಗಳಿಗೆ ಕಾರಣವಾಗುತ್ತವೆ.

ಅಪಾಯ ಸಂಕೇತಗಳಲ್ಲಿ ಬಳಕೆ

ಹಡಗು ಮತ್ತು ವಿಮಾನಗಳು ಅಪಾಯಕ್ಕೆ ಸಿಲುಕಿದಾಗ ಅವುಗಳಲ್ಲಿನ ತುರ್ತು ಪ್ರೇಷಕಗಳು ಕಾಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ವ್ಯವಸ್ಥೆಗೆ ಸಂಕೇತ ಕಳುಹಿಸುತ್ತವೆ. ಇದರ ಭಾರತೀಯ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ಸಂಸ್ಥೆಯಲ್ಲಿದೆ. ಉಪಗ್ರಹಗಳ ಸಂಕೇತಗಳನ್ನು ಸ್ವೀಕರಿಸುವ ಭೂಕೇಂದ್ರಗಳು ಬೆಂಗಳೂರು ಮತ್ತು ಲಖನೌಗಳಲ್ಲಿವೆ.

ಇಲ್ಲಿ ಆಲಿಸಿ ಕಳುಹಿಸುವ ವಿಧಾನ ಫಲಿಸುವುದಿಲ್ಲ. ಅರಬ್ಬೀ ಸಮುದ್ರದಲ್ಲಿರುವ ಒಂದು ಪ್ರೇಷಕಕ್ಕೆ ಬಂಗಾಳ ಕೊಲ್ಲಿಯ ಇನ್ನೊಂದರ ಸಂಕೇತ ಕೇಳಿಸದು. ಉಪಗ್ರಹಕ್ಕೆ ಮಾತ್ರ ಎರಡೂ ಕೇಳಿಸುತ್ತವೆ. ಮೊದಲ ತಲೆಮಾರಿನ 406 ಮೆಗಾಹರ್ಟ್ಸ್ ಪ್ರೇಷಕಗಳು ಸುಮಾರು ಅರ್ಧ ಸೆಕೆಂಡಿನ ಸಂಕೇತವನ್ನು ಸರಾಸರಿ 50 ಸೆಕೆಂಡಿಗೊಮ್ಮೆ ಕಳುಹಿಸುತ್ತವೆ. ಈ ಅಂತರ ಎಲ್ಲದರಲ್ಲೂ ಕರಾರುವಾಕ್ಕಾಗಿ ಒಂದೇ ಆಗಿದ್ದರೆ, ಒಮ್ಮೆ ಘರ್ಷಿಸಿದ ಎರಡು ಸಂಕೇತಗಳು ಪ್ರತಿ ಸಲವೂ ಘರ್ಷಿಸಿ, ಎರಡೂ ಕಡೆಯವರ ಮೊರೆ ಯಾರಿಗೂ ತಲುಪದೆ ಹೋಗಬಹುದು. ಆದ್ದರಿಂದ ಅಂತರವನ್ನು ಪ್ರತಿ ಬಾರಿ 47.5ರಿಂದ 52.5 ಸೆಕೆಂಡುಗಳ ನಡುವೆ ಯಾದೃಚ್ಛಿಕವಾಗಿ ಬದಲಿಸಲಾಗುತ್ತದೆ. ಒಂದು ಸಂಕೇತ ಕೆಟ್ಟರೂ ಮುಂದಿನದು ಬೇರೆ ಕ್ಷಣದಲ್ಲಿ ಹೊರಡುವ ಸಂಭವವೇ ಹೆಚ್ಚು. ಘರ್ಷಣೆಯಾಯಿತೆಂಬುದು ಪ್ರೇಷಕಕ್ಕೆ ತಿಳಿಯಬೇಕಾದ ಅಗತ್ಯವೂ ಇರುವುದಿಲ್ಲ.