ಘಟಪ್ರಭೆಯ ಪ್ರವಾಹಕ್ಕೆ ಇದಿರಾಗಿ

ಬೆಳಗಾವಿ ಜಿಲ್ಲೆಯ ಗೋಕಾಕವನ್ನು ನೋಡಬಂದವರಲ್ಲಿ ಬಹುಮಂದಿ ಜಲಪಾತದ ಮುಂದೆ ಒಂದು ಗಳಿಗೆ ನಿಂತು, ತುಂತುರಿಗೆ ಮುಖವೊಡ್ಡಿ, ಪೇಟೆಯಲ್ಲಿ ಕರದಂಟಿನ ಪೊಟ್ಟಣವೊಂದನ್ನು ಕೊಂಡು, ಹೊತ್ತು ಮುಳುಗುವುದರೊಳಗೆ ಊರ ದಾರಿ ಹಿಡಿಯುವರು. ಹೀಗೆ ಧುಮುಕುವ ನೀರು ಎಲ್ಲಿಂದ ಬಂದಿತು, ಬರುವಾಗ ಎಲ್ಲೆಲ್ಲಿ ಸರೋವರವಾಗಿ ನಿಂತಿತು, ಯಾರ ಹೊಲಕ್ಕೆ ಎಷ್ಟು ಬಿಟ್ಟುಕೊಟ್ಟಿತು ಎಂದು ವಿಚಾರಿಸುವವರು ವಿರಳ. ಈ ಸೀಮೆಯ ಸೊಬಗನ್ನು ಅರಿಯಬೇಕೆಂಬವರು ಜಲಪಾತದಲ್ಲಿ ಯಾತ್ರೆಯನ್ನು ಮುಗಿಸದೆ, ಅಲ್ಲಿಂದ ಅದನ್ನು ಆರಂಭಿಸಿ, ಹೊಳೆಯ ಪ್ರವಾಹಕ್ಕೆ ಇದಿರಾಗಿ ಮೇಲೆ ಮೇಲೆ ಸಾಗಬೇಕೆಂಬುದು ನನ್ನ ಅಭಿಮತ.

ಐರ್ಲೆಂಡಿನ ಕಿಲಾರ್ನಿ ಎಂಬ ಪಟ್ಟಣಕ್ಕೆ ಸರೋವರದರ್ಶನಾರ್ಥವಾಗಿ ದೇಶದೇಶಗಳ ಜನ ಹೋಗುವುದುಂಟು. ಅಲ್ಲಿಯ ಸರೋವರಗಳನ್ನು ತೋಡಿದ್ದು ಪುರಾತನ ಹಿಮನದಿಗಳು, ತುಂಬುತ್ತಿರುವುದು ಅಟ್ಲಾಂಟಿಕ್ ಸಾಗರದಿಂದ ಬೀಸಿಬರುವ ಮಳೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಬಗೆಗೆ ಪ್ರಕೃತಿಯು ಅಂತಹ ಔದಾರ್ಯವನ್ನು ತೋರಲಿಲ್ಲ. ಸಹ್ಯಾದ್ರಿಯ ನೆತ್ತಿಯ ಮೇಲೆ ಮೋಡಗಳು ಬರಿದಾದ ಮೇಲೆ ಇತ್ತ ಉಳಿಯುವುದು ಅಲ್ಪವೃಷ್ಟಿ. ಘಟ್ಟದ ಆ ಮಳೆಯನ್ನು ಘಟಪ್ರಭೆ ಹೊತ್ತು ತರುವಳು. ಹಾಗೆ ತಂದುದನ್ನು ತಡೆದು ನಿಲ್ಲಿಸಿದವನು ಮನುಷ್ಯ. ಆದುದರಿಂದಲೇ ಇಲ್ಲಿಯ ಸರೋವರಗಳಿಗೆಲ್ಲ ಒಂದೊಂದು ಕಟ್ಟೆಯೂ ಒಂದೊಂದು ಕಾಲುವೆಯೂ ಉಂಟು.

ಗೋಕಾಕ ಪಟ್ಟಣದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಹೊಳೆಯು ಮರಳುಗಲ್ಲಿನ ಬಂಡೆಯ ಮೇಲಿಂದ 52 ಮೀಟರ್ ಕೆಳಕ್ಕೆ ಧುಮುಕುವುದು. ಕುದುರೆಲಾಳದಂತೆ ಬಾಗಿದ ಆ ಬಂಡೆಯ ಅಂಚು ಆಷಾಢ ಶ್ರಾವಣಗಳಲ್ಲಿ ಒಂದೇ ಕೆಂಪು ತೆರೆಯಾಗಿ ಮರೆಯಾಗುವುದಾದರೆ, ಬೇಸಗೆಯಲ್ಲಿ ಕಲ್ಲೇ ಕಾಣುವುದು. ಆಗ ಬಂದವರು ನಿರಾಶರಾಗುವುದು ಸಹಜವಾದರೂ, ಶಿಲೆಯ ಪದರಗಳನ್ನು ನೋಡಬೇಕೆಂಬವರಿಗೆ ಅದೇ ತಕ್ಕ ಕಾಲ. ದಡದಲ್ಲಿ ಚಾಲುಕ್ಯಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ. ಹೊಳೆಗೆ ಅಡ್ಡಲಾಗಿ 200 ಮೀಟರಿಗೆ ತುಸು ಮಿಕ್ಕ ಉದ್ದದ ತೂಗುಸೇತುವೆಯಿದ್ದು, ಹೆಜ್ಜೆಯಿಟ್ಟೊಡನೆ ಅದು ಮೆಲ್ಲನೆ ಓಲಾಡುವುದನ್ನು ಅಂಗಾಲೇ ಮೊದಲು ಅರಿಯುವುದು. ಪ್ರವಾಹಕಾಲದಲ್ಲಿ ಅದರ ಮೇಲೆ ಹೋಗಗೊಡುವುದಿಲ್ಲ, ಹೋಗಗೊಡದಿರುವುದೇ ಲೇಸು.

ಈ ಬೀಳುವ ನೀರಿನ ಬಲವನ್ನು ನಂಬಿ 1885ರಲ್ಲಿ ಸ್ಥಾಪಿತವಾದುದು ಗೋಕಾಕದ ನೂಲಿನ ಗಿರಣಿ. 1887ರಲ್ಲಿಯೇ ಇಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಲಾಯಿತೆಂಬ ಪ್ರಸಿದ್ಧಿಯಿದೆ. ಶಿವನಸಮುದ್ರದ ವಿದ್ಯುದಾಗಾರವು ಆರಂಭವಾದುದು 1902ರಲ್ಲಿ ಎಂಬುದನ್ನು ನೆನೆದರೆ ಇದರ ಪ್ರಾಚೀನತೆ ಮನದಟ್ಟಾದೀತು. ಗಿರಣಿಯ ಸುತ್ತ ಬೆಳೆದ ಊರಿಗೆ ಗೋಕಾಕ ಫಾಲ್ಸ್ ಎಂದೇ ಹೆಸರು.

ಜಲಪಾತದಿಂದ ಮೇಲಕ್ಕೆ ಸಾಗಿದರೆ ಧೂಪದಾಳ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಹೊಳೆಗೆ ಅಡ್ಡಗಟ್ಟೆಯನ್ನು ಕಟ್ಟಿ ಎಡದಂಡೆಯ ಕಾಲುವೆಗೆ ನೀರನ್ನು ತಿರುಗಿಸಿದರು. ಕಟ್ಟೆಯ ಹಿಂದೆ ನಿಂತ ಜಲರಾಶಿಯು ಇಂದು ಘಟಪ್ರಭಾ ಪಕ್ಷಿಧಾಮ. ಚಳಿಗಾಲದಲ್ಲಿ ದೂರದ ಉತ್ತರದಿಂದ ಡೆಮೊಯಿಸೆಲ್ ಕ್ರೌಂಚಗಳೂ ಐರೋಪ್ಯ ಬಿಳಿ ಕೊಕ್ಕರೆಗಳೂ ಇಲ್ಲಿಗೆ ಬರುವುವು. ಜಲಪಾತದ ಬಳಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಇಲ್ಲಿಯಾದರೋ ಅದೇ ನೀರು ಸದ್ದಿಲ್ಲದೆ ಹರಡಿಕೊಂಡು, ನಡುಗಡ್ಡೆಗಳ ಹಸುರನ್ನು ಸುತ್ತುವರಿದು ನಿಂತಿರುವುದು. ಇವೆರಡರೊಳಗೆ ಒಂದನ್ನೇ ಆರಿಸೆಂದರೆ ನಾನು ಧೂಪದಾಳವನ್ನು ಆರಿಸಿಯೇನು.

ಕಾಲುವೆಯ ಜೊತೆಯಲ್ಲಿ ಹೋದವರು ಕಬ್ಬು, ಗೋವಿನಜೋಳ, ಅರಿಶಿನಗಳ ನಡುವೆ ಮೂಡಲಗಿಯ ಕಡೆಗೆ ಸಾಗುವರು. ಶಿವಬೋಧರಂಗ ಮಠದ ಈ ಊರಿನ ಸುತ್ತಿನ ನೆಲವು ಬೆಳೆಯುವುದು ಕಬ್ಬನ್ನು ಮಾತ್ರವಲ್ಲ: ಶ್ರೀಕೃಷ್ಣ ಪಾರಿಜಾತವೆಂಬ ಜಾನಪದ ನಾಟಕಕ್ಕೆ ರಂಗದ ಕಳೆಯನ್ನು ತಂದ ತಮ್ಮಣ್ಣನು ಇಲ್ಲಿಯ ಕುಲಗೋಡಿನವನು, ಅದರ ಹಾಡನ್ನು ಮನೆಮಾತಾಗಿಸಿದ ನಿಂಗಮ್ಮ ನೆರೆಯ ಕೌಜಲಗಿಯವಳು. ಪಾರಿಜಾತದ ಹೂವೊಂದು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಯುವ ಅಷ್ಟು ಸಣ್ಣ ಸಂಗತಿಯ ಮೇಲೆ ಇಡೀ ರಾತ್ರಿ ಜನರನ್ನು ಎಚ್ಚರವಾಗಿ ಕೂಡಿಸುವ ಶಕ್ತಿ ಅದಕ್ಕೆ ಹೇಗೆ ಬಂದಿತೆಂಬುದನ್ನು ಆಟ ನೋಡಿಯೇ ತಿಳಿಯಬೇಕು.

ಹೊಳೆಯ ದಾರಿಯನ್ನೇ ಹಿಡಿದವರಿಗೆ ಹುಕ್ಕೇರಿ ತಾಲೂಕಿನಲ್ಲಿ ಘೋಡಗೇರಿ ಸಿಕ್ಕುವುದು. ಚಂದ್ರಶೇಖರ ಕಂಬಾರರು 1937ರಲ್ಲಿ ಜನಿಸಿದ ಊರು ಇದು. ಅವರ ಕೃತಿಗಳ ಶಿವಾಪುರವನ್ನು ಬಲ್ಲವರಿಗೆ ಇಲ್ಲಿಯ ದಂಡೆ ತೀರ ಅಪರಿಚಿತವೆನಿಸದು. ಇನ್ನೂ ಮೇಲೆ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ. ಅದು 51 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಬೇಸಗೆಯ ಕೊನೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಹುನ್ನೂರಿನ ವಿಠ್ಠಲ ದೇವಾಲಯವು ಹೊರಗೆ ಕಾಣಿಸಿಕೊಳ್ಳುವುದು, ಭಕ್ತರು ಕೆಸರನ್ನು ದಾಟಿ ದರ್ಶನಕ್ಕೆ ಹೋಗುವರು. ಕೆಳಗಿನ ಹೊಲಗಳು ಹಸುರಾಗಿರುವುದಕ್ಕೆ ಮೇಲಿನ ಊರುಗಳು ತೆತ್ತ ಬೆಲೆಯಿದು. ನೋಡುವವರು ಇದನ್ನು ಕೇವಲ ಕೌತುಕವೆಂದು ಬಗೆಯಬಾರದು. ಹುಕ್ಕೇರಿ ಪಟ್ಟಣದಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳುಂಟು, ಹಿರೇಮಠವುಂಟು. ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚುವ ಸಹಕಾರಿ ಸಂಘವೂ ಉಂಟು, ಕರ್ನಾಟಕದಲ್ಲಿ ಈ ಬಗೆಯದು ಅಪೂರ್ವ.

ಇನ್ನು ಗೋಕಾಕದ ಪೇಟೆ. ಕರದಂಟಿನ ಅಂಗಡಿಯ ಹಿಂದಿನ ಒಲೆಯ ಬಳಿ ನಿಂತರೆ, ಮಣಿಗಳಂತಿರುವ ಅಂಟು ಕಾದ ತುಪ್ಪದಲ್ಲಿ ಬಿದ್ದೊಡನೆ ಅರಳಿ ಬೆಳ್ಳಗಾಗುವುದನ್ನೂ, ಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿ, ಗಸಗಸೆಗಳು ಬೆಲ್ಲದ ಪಾಕದಲ್ಲಿ ಅದರೊಡನೆ ಕೂಡುವುದನ್ನೂ ಕಾಣಬಹುದು. ಪಾಕ ಒಂದಿಷ್ಟು ಏರಿದರೆ ಹಲ್ಲಿಗೆ ಸೋಲು, ಇಳಿದರೆ ತುಂಡು ನಿಲ್ಲದು. ಕರದಂಟಿಗೆ ಗಿರಾಕಿಗಳ ಕೊರತೆಯಿಲ್ಲ. ಕೊರತೆಯಿರುವುದು ಗೋಕಾಕದ ಬೊಂಬೆಗಳಿಗೆ. ಹಗುರವಾದ ಮರದಲ್ಲಿಯೂ ಈ ಪರಿಸರದ ವಿಶಿಷ್ಟವಾದ ಮಣ್ಣಿನಲ್ಲಿಯೂ ಹಣ್ಣುಗಳನ್ನೂ ಮೂರ್ತಿಗಳನ್ನೂ ಮಾಡುವ ಈ ಕಲೆಯನ್ನು ಬ್ರಿಟಿಷರ ಕಾಲದ ಗ್ಯಾಝೆಟಿಯರುಗಳೇ ಗುರುತಿಸಿದ್ದುವು. ಒಂದು ಬಾಳೆಯ ಹಣ್ಣಿನ ಹಳದಿಯ ಮೇಲೆ ಕಪ್ಪು ಚುಕ್ಕೆ ಎಲ್ಲಿ ಬೀಳಬೇಕು, ಮಾವಿನ ಕೆಂಪು ಎಲ್ಲಿ ಹಸುರಿನೊಳಗೆ ಕರಗಬೇಕು ಎಂಬುದನ್ನು ಕುಂಚ ಹಿಡಿದವನ ಕಣ್ಣೇ ನಿರ್ಣಯಿಸುವುದು. ಅಗ್ಗದ ಪ್ಲಾಸ್ಟಿಕ್ಕಿನ ಎದುರಿನಲ್ಲಿ ಆ ಕಣ್ಣಿಗೆ ಕೂಲಿ ಹುಟ್ಟುವುದು ಕಷ್ಟವಾಗಿದೆ.

ಜಲಪಾತವನ್ನು ನೋಡಬೇಕೆಂಬವರು ಜುಲೈಯಿಂದ ಸೆಪ್ಟೆಂಬರದೊಳಗೆ ಬರಲಿ. ಹಕ್ಕಿಗಳಿಗಾಗಿ ಬರುವವರು ಚಳಿಗಾಲದಲ್ಲಿ ಬಂದು ಧೂಪದಾಳಕ್ಕೆ ಮುಂಜಾನೆಯೇ ತಲುಪಲಿ. ಇಬ್ಬರಲ್ಲಿಯೂ ನನ್ನ ಬಿನ್ನಹ ಒಂದೇ: ಕರದಂಟಿನ ಪೊಟ್ಟಣದ ಜೊತೆಗೆ ಬೊಂಬೆಯೊಂದನ್ನೂ ಕೊಳ್ಳಿರಿ, ಸಾಧ್ಯವಾದರೆ ಮಾಡಿದವನ ಮನೆಯ ಬಾಗಿಲಿಗೇ ಹೋಗಿ.