ಕರಿಕೋಟಿಗೆ ಪ್ರವೇಶವಿಲ್ಲ

ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಎಂದೊಡನೆ ನೆನಪಾಗುವುದು ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ, ಫಾರಂ ನಂಬರ್ 7, ತಾಲ್ಲೂಕು ಕಚೇರಿಯ ಮುಂದೆ ನೆರೆದ ಗೇಣಿದಾರರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಆ ತಿದ್ದುಪಡಿ ಕಾಯ್ದೆಯಲ್ಲಿ ಅಷ್ಟಾಗಿ ಸುದ್ದಿ ಮಾಡದ ಇನ್ನೊಂದು ಸಾಲೂ ಇತ್ತು. 48ನೇ ಸೆಕ್ಷನ್ನಿನ ಎಂಟನೇ ಉಪವಿಧಿ ಅದು. ಭೂ ನ್ಯಾಯಮಂಡಳಿಯ ಮುಂದೆ ಯಾವ ವಕೀಲರೂ ಹಾಜರಾಗಕೂಡದು ಎಂಬುದು ಅದರ ತಾತ್ಪರ್ಯ. ಧಣಿಯಾಗಲಿ ಒಕ್ಕಲಾಗಲಿ ತನ್ನ ಮಾತನ್ನು ತಾನೇ ಆಡಬೇಕು, ಕರಿಕೋಟಿನವರು ಬಾಗಿಲಾಚೆ ನಿಲ್ಲಬೇಕು.

ಕರ್ನಾಟಕದ ಶಾಸನಸಭೆ ಇಂಥದ್ದೊಂದು ಸಾಲು ಬರೆದದ್ದು ಸ್ವಲ್ಪ ವಿಚಿತ್ರವೇ. ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ ಹೀಗೆ ಅರಸು ಅವರಿಗೆ ಮುಂಚೆ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರು ಬಹುಪಾಲು ವಕೀಲಿ ಮಾಡಿ ಬಂದವರು. ಅರಸು ಮಾತ್ರ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ ಕಲ್ಲಹಳ್ಳಿಯ ಬೇಸಾಯಕ್ಕೆ ಮರಳಿದ್ದವರು. ಜನರ ಮನಸ್ಸೂ ಹೀಗೇ ಇಬ್ಬಗೆ. ಓಟು ಹಾಕುವಾಗ ವಕೀಲರನ್ನು ಆರಿಸಿ ಕಳಿಸುತ್ತಾರೆ. ಜಗುಲಿಯ ಮೇಲೆ ಕೂತಾಗ, ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬೇಡ ಎಂದು ಮಕ್ಕಳಿಗೆ ಬುದ್ಧಿ ಹೇಳುವವರೂ ಅವರೇ, ವಕೀಲರು ಆಡುವುದೆಲ್ಲ ಸುಳ್ಳು ಎನ್ನುವವರೂ ಅವರೇ. ಈ ಎರಡು ಮಾತು ಒಂದೇ ಬಾಯಲ್ಲಿ ಹುಟ್ಟುವುದಕ್ಕೆ ಇನ್ನೂರು ವರ್ಷ ಮಿಕ್ಕಿದ ಹಿನ್ನೆಲೆಯಿದೆ.

ಚಾವಡಿಯಲ್ಲೋ ದೇವಸ್ಥಾನದ ಕಟ್ಟೆಯಲ್ಲೋ ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡುವುದು ನಮ್ಮಲ್ಲಿ ಹೊಸತಲ್ಲ. ಅದು ಸನದು ಪಡೆದು ಮಾಡುವ ಕಸುಬಾದದ್ದು ಕಂಪನಿ ಸರ್ಕಾರದ ಕಾಲದಲ್ಲಿ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ತಂದ ಏಳನೇ ರೆಗ್ಯುಲೇಷನ್ ವಕೀಲರನ್ನು ಯಾರು ನೇಮಿಸಬೇಕು, ಅವರು ಎಷ್ಟು ಶುಲ್ಕ ಪಡೆಯಬೇಕು ಎಂಬುದನ್ನೆಲ್ಲ ಗೊತ್ತುಮಾಡಿತು. ಮೊದಲಿಗೆ ಹಿಂದೂಗಳಿಗೂ ಮುಸ್ಲಿಮರಿಗೂ ಮಾತ್ರ ಅವಕಾಶ. ಜಾತಿ, ಮತ, ದೇಶದ ಭೇದವಿಲ್ಲದೆ ಎಲ್ಲರಿಗೂ ಬಾಗಿಲು ತೆರೆದದ್ದು, ಶುಲ್ಕವನ್ನು ಕಕ್ಷಿದಾರನ ಜೊತೆ ಮಾತಾಡಿ ನಿಗದಿ ಮಾಡಿಕೊಳ್ಳಬಹುದು ಎಂದಾದದ್ದು 1846ರ ಕಾಯ್ದೆಯಿಂದ. ಕಾರ್ನ್‌ವಾಲಿಸ್ ಮಾದರಿಯ ಕೋರ್ಟುಗಳು 1802ರಿಂದ ಮದ್ರಾಸ್ ಪ್ರಾಂತ್ಯಕ್ಕೂ ಕಾಲಿಟ್ಟವು. ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ಕೆನರಾ ಜಿಲ್ಲೆಯ ಒಕ್ಕಲಿಗೂ ಕ್ರಮೇಣ ಅವುಗಳ ಬಿಸಿ ತಟ್ಟಿತು. ಬದುವಿನ ಜಗಳವೇ ಆಗಲಿ ಸಾಲದ ತಕರಾರೇ ಆಗಲಿ, ಹೊಲದಲ್ಲಿದ್ದಾಗ ಅದು ಅವನಿಗೆ ಅರ್ಥವಾಗುತ್ತಿತ್ತು. ಸ್ಟಾಂಪು ಕಾಗದದ ಮೇಲೆ ದಾವೆಯಾಗಿ ಇಳಿದ ಮೇಲೆ ಅದನ್ನು ಅವನಿಗೆ ಓದಿ ಹೇಳಲು ಒಬ್ಬರು ಬೇಕಾದರು. ಹಾಗೆ ಓದಿ ಹೇಳುವವರ ಕೈಯಲ್ಲೇ ತನ್ನ ಗದ್ದೆಯ ಗತಿ ಇದೆ ಎಂದು ಗೊತ್ತಾದ ದಿನವೇ ಅವನಲ್ಲಿ ಗೌರವವೂ ಗುಮಾನಿಯೂ ಒಟ್ಟಿಗೆ ಹುಟ್ಟಿರಬೇಕು.

ಈ ಏರ್ಪಾಡನ್ನು ಒಪ್ಪದ ಇಂಗ್ಲಿಷರೂ ಇದ್ದರು. ಟಿಪ್ಪುವಿನ ಪತನದ ಬೆನ್ನಲ್ಲೇ ಕೆನರಾದ ಮೊದಲ ಕಲೆಕ್ಟರ್ ಆಗಿ ಬಂದಿದ್ದ ಥಾಮಸ್ ಮನ್ರೊ ಅವರಲ್ಲಿ ಮುಖ್ಯ. ಊರಿನ ಜಗಳ ಊರಲ್ಲೇ ತೀರಬೇಕು ಎಂಬ ಅವನ ಒತ್ತಾಯದಿಂದ 1816ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಗ್ರಾಮ ಮುನಸೀಫರಿಗೂ ಪಂಚಾಯ್ತಿಗಳಿಗೂ ಕಾನೂನಿನ ಅಧಿಕಾರ ಕೊಟ್ಟು ನೋಡಿದರು. ಪಂಚಾಯ್ತಿಗಳ ಹತ್ತಿರ ಜನ ಹೆಚ್ಚಾಗಿ ಸುಳಿಯಲೇ ಇಲ್ಲ. ಸಂಬಳದ ಮುನಸೀಫನ ಕೋರ್ಟಿಗೇ ಹೋದರು. ಇದನ್ನು ಇತಿಹಾಸದ ಅಡಿಟಿಪ್ಪಣಿ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಪಂಚಾಯ್ತಿಯಲ್ಲಿ ಕೂರುವವನು ಊರ ಗೌಡ. ಜಗಳ ಇರುವುದೇ ಗೌಡನ ಜೊತೆಗಾದರೆ ಬಡವ ಎಲ್ಲಿಗೆ ಹೋಗಬೇಕು? ಕೋರ್ಟನ್ನು ಬೈಯುತ್ತಲೇ ಕೋರ್ಟಿನ ಮೆಟ್ಟಿಲು ಹತ್ತುವ ನಮ್ಮ ಚಾಳಿಯಲ್ಲಿ ಈ ಲೆಕ್ಕಾಚಾರವೂ ಸೇರಿದೆ.

ಬೈಗುಳಕ್ಕೆ ಕಾರಣಗಳು ಇರಲಿಲ್ಲವೆಂದಲ್ಲ. ಕೋರ್ಟಿನ ಸುತ್ತ ಅರ್ಜಿ ಬರೆಯುವವರು, ಸ್ಟಾಂಪ್ ವೆಂಡರ್‌ಗಳು, ಸಾಕ್ಷಿ ಹೊಂದಿಸುವವರು ನೆಲೆಯೂರಿದರು. ಬಸ್ಸಿಳಿದವರನ್ನು ಹಿಡಿದು ‘ನಮ್ಮ ವಕೀಲರ ಹತ್ತಿರ ಬನ್ನಿ’ ಎಂದು ಕರೆದೊಯ್ಯುವ ದಲ್ಲಾಳಿಗಳೂ ಸೇರಿಕೊಂಡರು. ಈ ದಲ್ಲಾಳಿಗಳ ಹೆಸರಿನ ಪಟ್ಟಿ ಮಾಡಿ ಕೋರ್ಟಿನಲ್ಲಿ ತೂಗುಹಾಕುವ ಅಧಿಕಾರ 1879ರ ಲೀಗಲ್ ಪ್ರಾಕ್ಟಿಷನರ್ಸ್ ಕಾಯ್ದೆಗೆ ಆಮೇಲೆ ಮಾಡಿದ ತಿದ್ದುಪಡಿಯಿಂದ ಬಂತು. ಪಟ್ಟಿಯಲ್ಲಿ ಹೆಸರಿದ್ದೂ ದಂಧೆ ಮುಂದುವರಿಸಿದರೆ ಮೂರು ತಿಂಗಳ ಸಜೆ ಅಥವಾ 500 ರೂಪಾಯಿ ದಂಡ. ಸಂಸತ್ತು 2023ರಲ್ಲಿ ಆ ಹಳೆಯ ಕಾಯ್ದೆಯನ್ನು ರದ್ದು ಮಾಡಿ, ದಲ್ಲಾಳಿಗಳ ಸೆಕ್ಷನ್ನನ್ನು ಮಾತ್ರ ಎತ್ತಿ 1961ರ ವಕೀಲರ ಕಾಯ್ದೆಯೊಳಗೆ ಕೂರಿಸಿತು. ಸಜೆ ಅಷ್ಟೇ, ದಂಡವೂ ಅಷ್ಟೇ. ಬೆಂಗಳೂರಿನಲ್ಲಿ ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿ ಎಳೆಸಿಕೊಂಡವರಿಗೆ ಅದಕ್ಕಿಂತ ಹೆಚ್ಚು ಕೈಬಿಟ್ಟದ್ದುಂಟು.

ವಕೀಲಿಕೆಯ ಮೇಲೆ ಅತ್ಯಂತ ಕಟುವಾಗಿ ಬರೆದವರು ಸ್ವತಃ ಬ್ಯಾರಿಸ್ಟರ್. ಗಾಂಧೀಜಿ 1909ರ ‘ಹಿಂದ್ ಸ್ವರಾಜ್’ನಲ್ಲಿ ವಕೀಲರಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಜಗಳ ತೀರಿಸಬೇಕಾದವರು ಜಗಳ ಬೆಳೆಸುತ್ತಾರೆ, ಬ್ರಿಟಿಷರ ಹಿಡಿತ ಬಿಗಿಯಾಗಲು ಅವರ ಕಸುಬೇ ಕಾರಣ ಎಂದರು. 1920ರ ಅಸಹಕಾರ ಚಳವಳಿಯಲ್ಲಿ ಕೋರ್ಟುಗಳ ಬಹಿಷ್ಕಾರವೂ ಸೇರಿತು. ಮೋತಿಲಾಲ್ ನೆಹರೂ, ಚಿತ್ತರಂಜನ್ ದಾಸ್ ಅಂಥವರು ಭಾರೀ ಆದಾಯದ ವಕೀಲಿಕೆ ಬಿಟ್ಟರು. ಮಂಗಳೂರಿನಲ್ಲಿ ಕಾರ್ನಾಡ್ ಸದಾಶಿವ ರಾವ್ ಬಿಟ್ಟರು. ಮನೆಯ ಆಸ್ತಿಯನ್ನೂ ಚಳವಳಿಗೆ ಸುರಿದು 1937ರಲ್ಲಿ ಮುಂಬೈಯಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಹೊತ್ತ ಬೆಂಗಳೂರಿನ ಸದಾಶಿವನಗರದಲ್ಲಿ ಇವತ್ತು ಒಂದು ಸೈಟಿನ ಬೆಲೆ ಕೇಳಿದರೆ ಅವರು ಏನೆನ್ನುತ್ತಿದ್ದರೋ. ಧಾರವಾಡದ ಆಲೂರು ವೆಂಕಟರಾಯರಂತೂ ಇನ್ನೂ ಮೊದಲೇ, ಬಂಗಾಳ ವಿಭಜನೆಯ ನಂತರದ ಬಿಸಿಯಲ್ಲಿ, ವಕೀಲಿಗೆ ಶರಣು ಹೊಡೆದಿದ್ದರು.

ಇವರಿಂದ ವಕೀಲರ ಮರ್ಯಾದೆ ಹೆಚ್ಚಿತು ಎಂದು ನಾವು ಭಾವಿಸುತ್ತೇವೆ. ಸರಿಯಾಗಿ ನೋಡಿದರೆ ಜನ ಕೈಮುಗಿದದ್ದು ಕರಿಕೋಟು ಬಿಚ್ಚಿದವರಿಗೆ. ಬಿಚ್ಚದೆ ಉಳಿದು, ಸತ್ಯಾಗ್ರಹಿಗಳ ಜಾಮೀನಿಗೋ ಯಾರದೋ ಕುರ್ಕಿ ತಪ್ಪಿಸುವುದಕ್ಕೋ ದಿನವೂ ಅಲೆದವರ ಹೆಸರು ಯಾವ ಬಡಾವಣೆಗೂ ಬೀಳಲಿಲ್ಲ. ತ್ಯಾಗಕ್ಕೆ ಗೌರವ, ಕಸುಬಿಗೆ ಗುಮಾನಿ ಎಂಬ ಲೆಕ್ಕ ಅಲ್ಲಿಂದ ಗಟ್ಟಿಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ವಕೀಲರು ಮಂತ್ರಿಗಳಾದರು, ಕೋರ್ಟಿನಲ್ಲಿ ಉಳಿದವರು ಮತ್ತೆ ‘ಫೀಸಿನವರು’ ಆದರು.

1974ರ ಎಂಟನೇ ಉಪವಿಧಿಯ ಬೆನ್ನಿಗೆ ಇಷ್ಟೆಲ್ಲ ಇತ್ತು. ಇದರ ಜೊತೆಗೆ ಆ ಕಾಲದ ನೇರ ಅನುಭವವೂ ಸೇರಿತು. ಕರಾವಳಿ, ಮಲೆನಾಡಿನಲ್ಲಿ ಗೇಣಿ ಹೆಚ್ಚಾಗಿ ಬಾಯಿಮಾತಿನದು. ಚೀಟಿ ಇಲ್ಲ, ರಸೀದಿ ಇಲ್ಲ. ಭತ್ತದ ಮುಡಿ ಅಳೆದುಕೊಟ್ಟದ್ದಕ್ಕೆ ಧಣಿಯ ಮನೆಯ ಅಂಗಳವೇ ಸಾಕ್ಷಿ. ಇಂಥ ಗೇಣಿದಾರನನ್ನು ಕಟಕಟೆಯಲ್ಲಿ ನಿಲ್ಲಿಸಿ ಜಿಲ್ಲಾ ಕೇಂದ್ರದ ಪಳಗಿದ ವಕೀಲರು ಪಾಟೀಸವಾಲಿಗೆ ಇಳಿದರೆ, ಮೂರು ಪ್ರಶ್ನೆಗೇ ಅವನು ತಾನು ಕೂಲಿಯಾಳು ಎಂದು ಒಪ್ಪಿಕೊಂಡು ಬಿಡುತ್ತಾನೆ. ಆಮೇಲೆ ತಾರೀಖಿನ ಮೇಲೆ ತಾರೀಖು, ಅಪೀಲಿನ ಮೇಲೆ ಅಪೀಲು. ಅದಕ್ಕೇ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯಲ್ಲಿ ಸರ್ಕಾರ ನಾಮಕರಣ ಮಾಡಿದ ನಾಲ್ವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಹೀಗೆ ಮಂಡಳಿ ರಚನೆಯಾಯಿತು. ಸಿವಿಲ್ ಕೋರ್ಟಿಗೆ ಕೆಲಸವಿಲ್ಲ, ಮಂಡಳಿಯ ತೀರ್ಪಿನ ಮೇಲೆ ಅಪೀಲಿಲ್ಲ, ವಕೀಲರೂ ಇಲ್ಲ.

ಅದರಿಂದ ಭೂಮಿ ಸಿಕ್ಕಿತು. ಲಕ್ಷಗಟ್ಟಲೆ ಅರ್ಜಿಗಳು ಇತ್ಯರ್ಥವಾದವು. ಗೇಣಿ ಕಟ್ಟುತ್ತಿದ್ದವರ ಹೆಸರು ಪಹಣಿಗೆ ಏರಿತು. ವಕೀಲರಿದ್ದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ ಎಂದು ಹೇಳುವವರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಕತೆ ತಾಲ್ಲೂಕಿನಲ್ಲೇ ಮುಗಿಯಲಿಲ್ಲ. ಅಪೀಲಿಲ್ಲದ ತೀರ್ಪಿಗೂ ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟಿಗೆ ರಿಟ್ ಹಾಕಬಹುದು. ಸೋತ ಧಣಿ ಬೆಂಗಳೂರಿಗೆ ನಡೆದ. ಮಂಡಳಿಯ ಕಡತಗಳು ಎಷ್ಟೋ ಸಲ ತೆಳ್ಳಗೆ. ಸಾಕ್ಷ್ಯ ಸರಿಯಾಗಿ ಬರೆದಿಲ್ಲ, ಆದೇಶಕ್ಕೆ ಕಾರಣ ಕೊಟ್ಟಿಲ್ಲ. ಆದೇಶ ರದ್ದಾಗಿ ಮರುವಿಚಾರಣೆಗೆ ವಾಪಸು ಬಂದ ಪ್ರಕರಣಗಳು ರಾಶಿ ಬಿದ್ದವು. ಹೈಕೋರ್ಟಿನಲ್ಲಿ ವಕೀಲರಿಲ್ಲದೆ ನಡೆಸುವುದು ಕಷ್ಟ, ಅಲ್ಲಿನ ವಾದ ಇಂಗ್ಲಿಷಿನಲ್ಲಿ. ಸಾಗರದಲ್ಲೋ ಪುತ್ತೂರಿನಲ್ಲೋ ಊರಿನವರೇ ಆದ ಒಬ್ಬ ವಕೀಲರು ಕಡಿಮೆ ಖರ್ಚಿನಲ್ಲಿ ಮಾಡಬಹುದಾಗಿದ್ದ ಕೆಲಸಕ್ಕೆ ಗೇಣಿದಾರ ರಾತ್ರಿ ಬಸ್ಸು ಹತ್ತಿ ರಾಜಧಾನಿಯಲ್ಲಿ ಗೊತ್ತಿಲ್ಲದವರ ಬಾಗಿಲು ತಟ್ಟಬೇಕಾಯಿತು.

ತಾಲ್ಲೂಕಿನಲ್ಲೂ ವಕೀಲರ ಜಾಗ ಖಾಲಿ ಉಳಿಯಲಿಲ್ಲ. ಅರ್ಜಿ ಬರೆದುಕೊಡುವವರು, ಪಕ್ಷದ ಪುಢಾರಿಗಳು, ಕಚೇರಿಯ ಒಳಹೊರಗು ಬಲ್ಲವರು ಅದನ್ನು ತುಂಬಿದರು. ಪ್ರಾಮಾಣಿಕವಾಗಿ ದುಡಿದ ಗೇಣಿದಾರರ ಸಂಘದ ಕಾರ್ಯಕರ್ತರು ಅವರಲ್ಲಿ ಇದ್ದರು, ಹಾಗಲ್ಲದವರೂ ಇದ್ದರು. ವಕೀಲರು ಮೋಸ ಮಾಡಿದರೆ ಬಾರ್ ಕೌನ್ಸಿಲಿಗೆ ದೂರು ಕೊಡಬಹುದು. ಪುಢಾರಿಯ ಮೇಲೆ ಎಲ್ಲಿ ಕೊಡುವುದು?

ನಿಷೇಧಕ್ಕೆ ತೆರೆ ಬಿದ್ದದ್ದು 1987ರಲ್ಲಿ. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಕೀಲಿಕೆಯ ಹಕ್ಕಿನ ಬಗ್ಗೆ ಕಾನೂನು ಮಾಡುವುದು ಸಂಸತ್ತಿನ ಅಧಿಕಾರ, ರಾಜ್ಯದ್ದಲ್ಲ ಎಂದು ಆ ಉಪವಿಧಿಯನ್ನು ತೆಗೆದುಹಾಕಿತು. ಗೇಣಿದಾರನಿಗೆ ವಕೀಲರು ಬೇಕೋ ಬೇಡವೋ ಎಂಬ ಪ್ರಶ್ನೆ ಬದಿಗೆ ಉಳಿಯಿತು. ತಮಾಷೆಯೆಂದರೆ, ದೇಶದ ಯಾವುದೇ ಕೋರ್ಟು, ನ್ಯಾಯಮಂಡಳಿಯಲ್ಲಿ ವಾದಿಸಲು ವಕೀಲರಿಗೆ ಹಕ್ಕು ಕೊಡುವ 1961ರ ಕಾಯ್ದೆಯ 30ನೇ ಸೆಕ್ಷನ್ ಆಗಿನ್ನೂ ಜಾರಿಗೇ ಬಂದಿರಲಿಲ್ಲ. ಕೇಂದ್ರ ಸರ್ಕಾರದ ಅಧಿಸೂಚನೆಯ ಮೂಲಕ ಅದು ಜಾರಿಗೆ ಬಂದದ್ದು 2011ರ ಜೂನ್ 15ರಂದು, ಕಾಯ್ದೆ ಬಂದ ಐವತ್ತು ವರ್ಷಕ್ಕೆ. ಅಲ್ಲಿಯವರೆಗೆ ಒಂದಾದ ಮೇಲೊಂದು ಸರ್ಕಾರಕ್ಕೆ ವಕೀಲರನ್ನು ಹೊರಗಿಡುವ ಅವಕಾಶ ಕೈಯಲ್ಲಿರಲಿ ಅನ್ನಿಸಿತ್ತೇನೋ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಈಗಲೂ ವಕೀಲರನ್ನು ಹಕ್ಕಿನಿಂದ ಒಳಗೆ ಬಿಡುವುದಿಲ್ಲ. ಹಾಗೆಂದು ಅಲ್ಲಿನ ಕಾರಿಡಾರಿನಲ್ಲಿ ಕರಿಕೋಟಿಗೆ ಬರವಿದೆ ಎಂದು ಯಾರೂ ಭಾವಿಸಬೇಕಿಲ್ಲ.

ಕೋರ್ಟಿಗೂ ಜನರಿಗೂ ನಡುವಿನ ದೂರ ಕಡಿಮೆಯಾಗದೆ, ನಡುವೆ ನಿಂತವರನ್ನು ತೆಗೆದರೆ ಆ ಜಾಗಕ್ಕೆ ಇನ್ಯಾರೋ ಬರುತ್ತಾರೆ. ನಮ್ಮಲ್ಲಿ ಆಗಿರುವುದು ಇದೇ. ಕೆಳ ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ಮಾತಾಡುತ್ತಾನೆ. ಮೊಕದ್ದಮೆ ಮೇಲೇರಿದರೆ, ಸಂವಿಧಾನದ 348ನೇ ವಿಧಿಯ ಪ್ರಕಾರ, ಅದು ಇಂಗ್ಲಿಷಿಗೆ ದಾಟುತ್ತದೆ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲಿ ತೀರ್ಪು ಕೊಟ್ಟಾಗ ಪತ್ರಿಕೆಗಳಿಗೆ ಅದು ಸುದ್ದಿಯಾಯಿತು. ಕನ್ನಡ ನಾಡಿನ ಹೈಕೋರ್ಟಿನಲ್ಲಿ ಕನ್ನಡ ಸುದ್ದಿಯಾಗುವಷ್ಟು ಅಪರೂಪ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ವಕೀಲ ಸಿ.ಎಸ್.ಪಿ. ಮನೆಮಾತಾದದ್ದಕ್ಕೂ ಇದೇ ಕಾರಣವಿರಬಹುದು. ಸ್ವತಃ ಕಾನೂನು ಓದಿದ್ದ ಸೀತಾರಾಂ ಆ ಪಾತ್ರದಲ್ಲಿ ಮೇಜು ಗುದ್ದಲಿಲ್ಲ, ಕೂಗಾಡಲಿಲ್ಲ. ಸಾಕ್ಷಿಯ ಮುಂದೆ ನಿಂತು, ಅವನಿಗೆ ತಿಳಿಯುವ ಕನ್ನಡದಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು. ಕೋರ್ಟಿನೊಳಗೆ ನಡೆಯುವುದು ತಮಗೂ ಅರ್ಥವಾಗುತ್ತದೆ ಎಂಬ ಖುಷಿ ಪ್ರೇಕ್ಷಕರಿಗೆ ಸಿಕ್ಕಿತು. 2012ರ ಮಾರ್ಚ್ 2ರಂದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿ ವಕೀಲರು, ಪತ್ರಕರ್ತರು, ಪೊಲೀಸರ ನಡುವೆ ಹೊಡೆದಾಟವಾಗಿ ಕಲ್ಲು ತೂರಿದ ದೃಶ್ಯಗಳೂ ಅದೇ ಟೀವಿಯಲ್ಲೇ ಬಂದವು. ಅವತ್ತಿನಿಂದ ವಕೀಲರ ಸಂಘಗಳು ಕಳೆದುಕೊಂಡ ಸದಭಿಪ್ರಾಯ ಪೂರ್ತಿ ಮರಳಿದೆ ಎಂದು ನನಗನ್ನಿಸುವುದಿಲ್ಲ.

2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇನ್ನೊಂದು ಪ್ರಶ್ನೆ ಇತ್ಯರ್ಥವಾಯಿತು: ವಕೀಲರ ಸೇವೆ ಸರಿಯಿಲ್ಲವೆಂದು ಕಕ್ಷಿದಾರ ಗ್ರಾಹಕರ ವೇದಿಕೆಗೆ ಹೋಗಬಹುದೇ? ಹೋಗುವಂತಿಲ್ಲ ಎಂದಿತು ಕೋರ್ಟು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಹೀಗಿದೆ: ವಕೀಲರು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದರ ಮೇಲೆ ಕಕ್ಷಿದಾರನಿಗೇ ನೇರ ಹಿಡಿತವಿರುತ್ತದೆ, ಅವನ ಸೂಚನೆಯಿಲ್ಲದೆ ಅವರು ಕೋರ್ಟಿನಲ್ಲಿ ಏನನ್ನೂ ಒಪ್ಪಿಕೊಳ್ಳುವಂತಿಲ್ಲ. ಕಾನೂನಿನ ದೃಷ್ಟಿಯಿಂದ ಆ ಮಾತು ಸರಿ. ತನ್ನ ಪರವಾಗಿ ವಾದಿಸುವ ಅಧಿಕಾರವನ್ನು ಕಕ್ಷಿದಾರ ವಕೀಲರಿಗೆ ವಹಿಸಿಕೊಡುವುದು ವಕಾಲತ್ತಿಗೆ ಸಹಿ ಹಾಕಿ. ತಾಲ್ಲೂಕು ಕೋರ್ಟಿನ ಎದುರಿನ ಛೇಂಬರುಗಳಲ್ಲಿ ಗುಮಾಸ್ತರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಅವನು ಸಹಿ ಮಾಡುವಾಗ, ಆ ಹಾಳೆಯ ಉಳಿದ ಭಾಗ ಎಷ್ಟೋ ಸಲ ಇನ್ನೂ ಖಾಲಿಯೇ ಇರುತ್ತದೆ.